ಹನ್ನೊಂದು ತಿಂಗಳ ಮನೆಯೊಡತಿಗೆ

ಕೀಲ್ಪಾಕ್, ಚೆನ್ನೈ
ಆಗಸ್ಟ್ ೨೦೦೨

ಪ್ರೀತಿಯ ಸಾಕಮ್ಮನವರಿಗೆ,

ಈ ಕಾಗದವನ್ನು ನಿಮಗೆ ಗಗನಾ ಓದಿ ಹೇಳುತ್ತಾಳೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಗಗನಾ, ಅತ್ತೆಗೆ ಬೇಸರವಾದೀತೆಂದು ಯಾವ ಸಾಲನ್ನೂ ಹಾರಿಸಬೇಡಮ್ಮ. ಹಾರಿಸಬೇಕು ಅನ್ನಿಸುವ ಸಾಲುಗಳಿಗಾಗಿಯೇ ಇದನ್ನು ಬರೆಯುತ್ತಿರುವುದು. ಫೋನಿನಲ್ಲಿ ಹೇಳೋಣವೆಂದು ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಅಡ್ಯಾರಿನ ನಿಮ್ಮ ಹೊಸ ಮನೆಗೆ ನೀರಿನ ಲಾರಿ ಸರಿಯಾಗಿ ಬರುತ್ತದೆಯೇ, ಮೊಮ್ಮಗಳು ಮೌನಳಿಗೆ ಶಾಲೆ ಹಿಡಿಸಿತೇ ಎಂದು ಕೇಳಿ ಇಟ್ಟುಬಿಟ್ಟೆ. ನೀವು ಆ ಕಡೆ ನಗುತ್ತಾ ಉತ್ತರ ಕೊಡುತ್ತಿದ್ದಿರಿ. ನಿಮ್ಮ ನಗು ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ.

ಕಳೆದ ವರ್ಷ ನಮ್ಮವರು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಾಗ, ಕಾಲು ಗಟ್ಟಿ ಇರುವಾಗಲೇ ನದಿಗಳನ್ನೆಲ್ಲ ನೋಡಿ ಬರೋಣ ಎಂದರು. ನಾನು ಆವರೆಗೆ ತಿರುಪತಿ, ಮಂತ್ರಾಲಯ, ಮೈಸೂರು ಬಿಟ್ಟು ಬೇರೆ ಊರು ಕಂಡವಳಲ್ಲ. ಒಂದು ವರ್ಷದ ತಿರುಗಾಟವೆಂದರೆ ಮನೆಯನ್ನು ಏನು ಮಾಡುವುದು? ಅದನ್ನು ಖಾಲಿ ಮಾಡಿ ಕೊಡುವ ಹಾಗಿರಲಿಲ್ಲ. ನಮ್ಮವರ ತಾತ ಕಟ್ಟಿಸಿದ ಮನೆ. ಮೂರು ತಲೆಮಾರಿನ ಪಾತ್ರೆ, ಪೆಟ್ಟಿಗೆ, ಪುಸ್ತಕ, ಫೋಟೋ ಎಲ್ಲ ಅಲ್ಲೇ. ಒಂದೊಂದು ತಲೆಮಾರೂ ತನಗೆ ಬೇಕಾದ ಕೋಣೆಯನ್ನು ಸೇರಿಸುತ್ತಾ ಹೋಗಿದ್ದರಿಂದ ನೆಲ ಮೂರು ಮಟ್ಟದಲ್ಲಿದೆ. ಹೊಸಬರು ಹಜಾರದಿಂದ ಊಟದ ಕೋಣೆಗೆ ಬರುವಾಗ ಎಡವದೇ ಇರುವುದಿಲ್ಲ. ರಸ್ತೆಯಲ್ಲಿ ಬಸ್ಸು ಹೋದರೆ ಪಶ್ಚಿಮದ ಕೋಣೆಯ ಬೀರು ತಾನಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಹಿತ್ತಿಲ ಕದವನ್ನು ಕಾಲ ಹೆಬ್ಬೆರಳಿನಿಂದ ಎತ್ತಿ ಹಿಡಿದರೆ ಮಾತ್ರ ಅಗುಳಿ ಕೂರುತ್ತದೆ. ಇಂಥ ಮನೆಯನ್ನು ಇದ್ದ ಹಾಗೇ ಹನ್ನೊಂದು ತಿಂಗಳಿಗೆ ಕೊಡುವುದೆಂದು ತೀರ್ಮಾನಿಸಿದೆವು.

ನಿಮಗಿಂತ ಮೊದಲು ಎರಡು ಸಂಸಾರದವರು ಬಂದು ನೋಡಿದರು. ಒಬ್ಬರು ಟೀವಿ ಇಡಲು ಉಯ್ಯಾಲೆ ಬಿಚ್ಚಿಸಬೇಕೆಂದರು. ಇನ್ನೊಬ್ಬರು ಪ್ರತಿ ಕೋಣೆಯಲ್ಲೂ ಮೂಗು ಮುರಿದರು. ಆಮೇಲೆ ಮಗ ಮೋಹನ್ ಮತ್ತು ಸೊಸೆ ಗಗನಾ ಜೊತೆ ನೀವು ಬಂದಿರಿ. ಅವರಿಬ್ಬರು ಕೋಣೆಗಳನ್ನು ನೋಡುತ್ತಿದ್ದರೆ ನೀವು ನೇರವಾಗಿ ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು, ಅದರ ಸವೆದ ಅಂಚಿನ ಮೇಲೆ ಕೈಯಾಡಿಸಿ, "ಈ ಮನೇಲಿ ಜನ ಬದುಕವ್ರೆ ಕನವ್ವ" ಎಂದಿರಿ. ನೀವು ಕೊಳ್ಳೇಗಾಲದ ಕಡೆಯವರು, ಯಾವ ಜನ ಏನು ಎಂದು ನಾನು ಕೇಳಲಿಲ್ಲ. ಕೇಳದಿದ್ದುದು ದೊಡ್ಡತನವಲ್ಲ. ಕೇಳಿದರೆ ಇಲ್ಲ ಎನ್ನಬೇಕಾದೀತು ಎಂಬ ಅಂಜಿಕೆ. ಆ ಮಾತು ಕೇಳಿದ ಮೇಲೆ ಇಲ್ಲ ಎನ್ನಲು ನನಗೆ ಇಷ್ಟವಿರಲಿಲ್ಲ.

ಹೊರಡುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ ಬರೆದಿಟ್ಟೆ. ಬೀರುವಿನ ಬಾಗಿಲು, ಹಿತ್ತಿಲ ಅಗುಳಿ, ಬಾವಿಯ ಮೋಟರನ್ನು ಎಷ್ಟು ನಿಮಿಷ ಓಡಿಸಬೇಕು, ಎದುರುಮನೆಯ ಸೀತಾಳಿಗೆ ಕರಿಬೇವು ಕೊಡಬೇಕು, ಎಲ್ಲ ಬರೆದೆ. ಸರಸತ್ತೆಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಅದು ಮರೆವಲ್ಲ ಸಾಕಮ್ಮನವರೇ. ಸರಸತ್ತೆ ನಮ್ಮವರ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಗ ಸುಜಯೀಂದ್ರನನ್ನು ಸೊಂಟದ ಮೇಲಿಟ್ಟುಕೊಂಡು ಈ ಮನೆಗೆ ವಾಪಸು ಬಂದವರು. ನಲವತ್ತು ವರ್ಷ ಇಲ್ಲೇ ಇದ್ದರು. ಸುಜಯೀಂದ್ರ ಎರಡು ಬೀದಿ ಆಚೆ ಫ್ಲಾಟು ಕೊಂಡು ಕರೆದುಕೊಂಡು ಹೋದ ಮೇಲೆ ಅವರ ನೆನಪು ಒಂದೊಂದೇ ಎಳೆಯಾಗಿ ಬಿಡತೊಡಗಿತು. ಸೊಸೆ ಭಾವನಾ ಯಾರೆಂದು ಮರೆಯಿತು, ಕೊನೆಗೆ ಮಗನೂ ಮರೆತುಹೋದ. ಈ ಮನೆ ಮಾತ್ರ ಮರೆಯಲಿಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ, ಅವರನ್ನು ನೋಡಿಕೊಳ್ಳುವ ಆಯಾ ಬೇಬಿ ಒಂದು ಕಣ್ಣು ನಿದ್ದೆ ಮಾಡುವ ಹೊತ್ತಿಗೆ, ಎದ್ದು ನಡೆದು ಬಂದುಬಿಡುತ್ತಿದ್ದರು. ಸಂಜೆ ವಾಪಸು ಕಳಿಸುವುದೇ ಯುದ್ಧ. ನನ್ನ ಮನೆಯಿಂದ ನನ್ನನ್ನು ದಬ್ಬುತ್ತಿದ್ದೀರಿ ಎಂದು ಕೂಗಾಡುವರು. ಬೀದಿಯೆಲ್ಲ ನೋಡುವುದು. ನಿಜ ಹೇಳುತ್ತೇನೆ, ನದಿಗಳನ್ನು ನೋಡುವ ಆಸೆಗಿಂತ ಹೆಚ್ಚಾಗಿ, ಆ ಮೂರು ಗಂಟೆಯ ಗೇಟಿನ ಸದ್ದಿಲ್ಲದೆ ಒಂದು ವರ್ಷ ಇರಬೇಕೆಂಬ ಆಸೆ ನನ್ನನ್ನು ಹೊರಡಿಸಿತು. ನಿಮಗೆ ಹೇಳಿದರೆ ನೀವು ಮನೆ ಬೇಡವೆಂದೀರಿ ಎಂದು ಮುಚ್ಚಿಟ್ಟೆ. ತನ್ನ ಫ್ಲಾಟಿನ ಗೇಟಿಗೆ ಬೀಗ ಹಾಕಿಸುತ್ತೇನೆಂದು ಸುಜಯೀಂದ್ರ ಮಾತು ಕೊಟ್ಟಿದ್ದ. ಅದನ್ನೇ ನಂಬಿಕೊಂಡು ರೈಲು ಹತ್ತಿದೆ.

ಅವರು ನಾಲ್ಕನೇ ದಿನವೇ ಬಂದರಂತೆ. ಆ ದಿನ ಏನಾಯಿತೆಂದು ಮೌನ ನನಗೆ ಅರ್ಧ ತಮಿಳಿನಲ್ಲಿ ಅರ್ಧ ಅಭಿನಯದಲ್ಲಿ ತೋರಿಸಿದ್ದಾಳೆ. ಸರಸತ್ತೆ ಸೀದಾ ಒಳಗೆ ಬಂದು, ಉಯ್ಯಾಲೆಯ ಮೇಲೆ ಕೂತು, ನಿಮ್ಮನ್ನು ನೋಡಿ, "ಏನು ವೇಡಿಕ್ಕೆ ನೋಡ್ತಾ ನಿಂತಿದೀಯೆ? ನೇರ ಆಯ್ತು, ಕಾಫಿ ಬೆರೆಸು" ಎಂದರಂತೆ. ತಮಿಳು ಬೆರೆತ ನಮ್ಮ ಕನ್ನಡದಲ್ಲಿ ವೇಡಿಕ್ಕೆ ಎಂದರೆ ತಮಾಷೆ, ನೇರ ಎಂದರೆ ಹೊತ್ತು. ಯಾವ ಬಾಡಿಗೆಯವರಾದರೂ ಗಾಬರಿಯಾಗುತ್ತಿದ್ದರು. ನೀವು ಕಾಫಿ ತಂದುಕೊಟ್ಟು, ನೆಲದ ಮೇಲೆ ಕೂತು, ಯಾರವ್ವ ನೀವು ಎಂದು ಕೇಳದೆ, ಕಾಲು ನೋಯುತ್ತದಾ ಎಂದು ಕೇಳಿದಿರಂತೆ. ಬೇಬಿ ಓಡಿ ಬಂದು ತಮಿಳಿನಲ್ಲಿ ಎಲ್ಲ ಹೇಳಿದಾಗ ನಿಮಗೆ ಅದರಲ್ಲಿ ಕಾಲು ಭಾಗ ಅರ್ಥವಾಗಿರಬೇಕು. ನಿಮಗೆ ಅಷ್ಟೂ ಬೇಕಿರಲಿಲ್ಲ. ನಿಮ್ಮ ಯಜಮಾನರು ಅಂದಾನಿಯವರು ಕೊನೆಯ ಎರಡು ವರ್ಷ ನಿಮ್ಮನ್ನು ತಮ್ಮ ಅಕ್ಕ ಎಂದುಕೊಂಡು ಬದುಕಿದ್ದರು ಎಂಬುದು ನನಗೆ ಎಷ್ಟೋ ಆಮೇಲೆ ಗೊತ್ತಾಯಿತು.

ಜುಲೈ ತಿಂಗಳಲ್ಲಿ ನಾವು ನರ್ಮದೆಯ ದಡದ ಓಂಕಾರೇಶ್ವರದಲ್ಲಿದ್ದೆವು. ಮನೆ ಹೇಗಿದೆಯೋ ಎಂದು ಎಸ್‌ಟಿಡಿ ಬೂತಿನಿಂದ ನಮ್ಮದೇ ಮನೆಗೆ ಫೋನ್ ಮಾಡಿದೆ. ಆ ಕಡೆಯಿಂದ "ಹಲೋ, ಯಾರು ಬೇಕು?" ಎಂದದ್ದು ಸರಸತ್ತೆ. ಆಮೇಲೆ ನೀವು ಫೋನ್ ತೆಗೆದುಕೊಂಡು, ಅಮ್ಮನವರು ದಿನಾ ಬರುತ್ತಾರೆ, ಚೆನ್ನಾಗಿದ್ದಾರೆ, ನೀವು ಯೋಚನೆ ಮಾಡಬೇಡಿ ಎಂದಿರಿ. ನೀವು ಕೋಪ ಮಾಡಿಕೊಂಡಿದ್ದರೆ ನ್ಯಾಯವಿತ್ತು. ಇಷ್ಟು ದೊಡ್ಡ ವಿಷಯವನ್ನು ಯಾಕೆ ಮುಚ್ಚಿಟ್ಟಿರಿ ಎಂದು ನೀವು ಅವತ್ತೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ನಾನೇನು ಕೇಳಿದೆ ನೆನಪಿದೆಯೇ? ಅತ್ತೆ ಹೇಗಿದ್ದಾರೆ ಎಂದಲ್ಲ, ನಿಮಗೆ ಕಷ್ಟವಾಯಿತೇ ಎಂದೂ ಅಲ್ಲ.

"ಅಲ್ಲಿ ಏನಾದ್ರೂ ತಿಂದ್ರಾ?" ಎಂದು ಕೇಳಿದೆ.

"ಮುದ್ದೆ ಉಂಡ್ರು ಕನವ್ವ. ಎಲ್ಡು," ಎಂದಿರಿ ನೀವು.

ನಿಮ್ಮ ದನಿಯಲ್ಲಿ ಸಂತೋಷವಿತ್ತು. ಮನೆಯಲ್ಲಿ ಏನೂ ಮುಟ್ಟದೆ ಒಣಗಿಹೋಗಿದ್ದ ಮುದುಕಿ ಎರಡು ಮುದ್ದೆ ತಿಂದದ್ದು ನಿಮಗೆ ಸಂತೋಷ. ನನಗೆ ಬೇರೇನೋ ಕಂಡಿತು. ಎಪ್ಪತ್ತೆಂಟು ವರ್ಷ ಮಡಿಯಲ್ಲಿ ಬದುಕಿದ ಹೆಂಗಸು, ಹೊರಗಿನವರ ನೀರನ್ನೂ ಮುಟ್ಟದವರು. ನಾನು ಮಾತು ಮುಗಿಸಿ, ಅದೇ ಬೂತಿನಿಂದ ಸುಜಯೀಂದ್ರನಿಗೆ ಫೋನ್ ಮಾಡಿ ಹೇಳಿದೆ. ಸೀತಾ ಚಾಡಿ ಹೇಳಿದಳೆಂದು ನೀವು ಇಷ್ಟು ದಿನ ಅಂದುಕೊಂಡಿದ್ದೀರಿ. ಅವಳಲ್ಲ. ನಾನು.

ಅವನು ಮಾರನೆಯ ದಿನವೇ ನಿಮ್ಮ ಬಾಗಿಲಿಗೆ ಬಂದು, ಅಮ್ಮನಿಗೆ ಊಟ ಹಾಕಲು ನಿಮಗೆ ಯಾರು ಹೇಳಿದರು ಎಂದು ಕೂಗಾಡಿದನಂತೆ. ನೀವು ಯಾವ ಜನವೆಂದು ಅಮ್ಮನಿಗೆ ಹೇಳದೆ ಮೋಸ ಮಾಡಿದ್ದೀರಿ ಎಂದನಂತೆ. ಅವನೇ ನನ್ನ ಮುಂದೆ ತಲೆ ತಗ್ಗಿಸಿ ಹೇಳಿದ ಮಾತುಗಳಿವು. ನೀವು ಅವನಿಗೆ ಕೊಟ್ಟ ಉತ್ತರವನ್ನೂ ಅವನೇ ಹೇಳಿದ. "ನಿಮ್ಮೂಟ ಅಲ್ಲ ಕನವ್ವ ಇದು, ನಮ್ಮೂಟ ಅಂತ ಹೇಳ್ದೆ. ಮೂರು ಸಲ ಹೇಳ್ದೆ. ನಮ್ಮನೇಲಿ ಬೆಂದಿದ್ದು ನಾನು ಉಣ್ದೆ ಇನ್ಯಾರುಣ್ತಾರೆ ಅಂತ ಅವ್ರೇ ತಟ್ಟೆ ಎಳ್ಕಂಡ್ರು. ಹಸ್ಕಂಡು ಕುಂತವ್ರ ಕೈಯಿಂದ ತಟ್ಟೆ ಕಿತ್ಕಳಾಕೆ ನಂಗೆ ಬರಾಕಿಲ್ಲ ಸ್ವಾಮಿ."

ಅವನು ಅವತ್ತಿನಿಂದ ಅಮ್ಮನನ್ನು ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿಸಿದ. ಮೂರು ಗಂಟೆಯಾದರೆ ಸರಸತ್ತೆ ಬಾಗಿಲು ಬಡಿಯುವರು. ಸಂಜೆಯವರೆಗೂ ಬಡಿಯುವರು. ಮೂರನೆಯ ದಿನ ಮಣಿಕಟ್ಟು ಊದಿಕೊಂಡಿತ್ತು, ಊಟ ಬಿಟ್ಟಿದ್ದರು. ಭಾವನಾ ತಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ ಬಾಗಿಲ ಈಚೆ ಕೂತು ಅಳುತ್ತಿದ್ದಳಂತೆ. ಊರಾಚೆ ಯಾವುದೋ ಆಶ್ರಮಕ್ಕೆ ಸೇರಿಸುವುದೆಂದು ಗಂಡಹೆಂಡತಿ ಮಾತಾಡಿಕೊಂಡು, ಒಂದು ಚೀಲಕ್ಕೆ ಅವರ ಸೀರೆಗಳನ್ನೂ ತುಂಬಿದ್ದರು.

ಆಗ ನೀವು ಹೋದಿರಿ. ನಿಮ್ಮನ್ನು ಬೈದವನ ಮನೆಗೆ, ಕರೆಯದೆ, ತಮಿಳು ಬಾರದ ಊರಿನಲ್ಲಿ ಬೇಬಿ ತೋರಿಸಿದ ದಾರಿ ಹಿಡಿದು, ಎರಡು ಮಹಡಿ ಹತ್ತಿ ಹೋದಿರಿ. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, ಊಟ ನೀವೇ ಕಟ್ಟಿಕೊಡಿ, ನಾನು ಬರೀ ಬಡಿಸುತ್ತೇನೆ, ಅಮ್ಮನವರನ್ನು ಬರಲು ಬಿಡಿ, ಸಂಜೆ ನಾನೇ ತಂದು ಬಿಡುತ್ತೇನೆ ಎಂದಿರಿ. ಅವರು ಅಲ್ಲಿಂದ ವಾಪಸು ಹೊರಡುವುದೇ ಇಲ್ಲವಲ್ಲ ಎಂದು ಸುಜಯೀಂದ್ರ ಹೇಳಿದ. "ಹೋಗಿ ಅಂದ್ರೆ ಯಾರು ಹೋದಾರು? ಕರ್ಕಂಡ್ ಬರಾಣ ಬನ್ನಿ ಅಂದ್ರೆ ಹೋಯ್ತಾರೆ," ಎಂದಿರಂತೆ. ಅವನಿಗೆ ಅರ್ಥವಾಗಲಿಲ್ಲ. ಆದರೆ ಚಿಲಕ ತೆಗೆದ.

ಅದರ ಅರ್ಥ ನನಗೆ ಆದದ್ದು ಜನವರಿಯಲ್ಲಿ. ಪುರಿಯಿಂದ ರಾಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಎರಡು ದಿನ ಸುಜಯೀಂದ್ರನ ಮನೆಯಲ್ಲಿ ಉಳಿದೆವಲ್ಲ, ಆಗ. ನನ್ನ ಮನೆಗೇ ನೆಂಟಳಾಗಿ ನಡೆದು ಬಂದೆ. ಗೇಟಿನ ಹತ್ತಿರ ಬಂದವಳು ಅಲ್ಲೇ ನಿಂತೆ. ಜಗುಲಿಯಲ್ಲಿ ಸರಸತ್ತೆ ಕೂತಿದ್ದರು. ನೀವು ಹಿಂದೆ ಕೂತು ಅವರ ತಲೆ ಬಾಚುತ್ತಿದ್ದಿರಿ. ಅವರು ನಿಮಗೆ ಏನೋ ಗದರುತ್ತಿದ್ದರು, ನೀವು ಹೂಂ ಹೂಂ ಎನ್ನುತ್ತಿದ್ದಿರಿ. ಶಾಲೆಯಿಂದ ಬಂದ ಮೌನ ಅವರ ತೊಡೆಗೆ ಒರಗಿ ಪಾಠ ಬರೆಯುತ್ತಿದ್ದಳು. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ. ನಾನು ಒಂದು ದಿನವೂ ಸರಸತ್ತೆಯ ತಲೆ ಬಾಚಿರಲಿಲ್ಲ. ಅವರ ಕೂದಲು ಇನ್ನೂ ಅಷ್ಟು ಉದ್ದವಿದೆಯೆಂದೇ ನನಗೆ ಗೊತ್ತಿರಲಿಲ್ಲ.

ನೀವು ನನ್ನನ್ನು ಕಂಡು ಎದ್ದು ಬಂದು, ಊಟಕ್ಕೆ ಏಳಿ ಎಂದಿರಿ. ನಾನು ಇವತ್ತು ಏಕಾದಶಿ, ಉಪವಾಸ ಎಂದೆ. ಅವತ್ತು ಏಕಾದಶಿಯಾಗಿರಲಿಲ್ಲ ಸಾಕಮ್ಮನವರೇ. ನನಗೆ ಬಹಳ ಹಸಿವಾಗಿತ್ತು, ಒಳಗಿನಿಂದ ಸೊಪ್ಪಿನ ಸಾರಿನ ಪರಿಮಳ ಬರುತ್ತಿತ್ತು. ನೀವು ನನ್ನ ಮುಖವನ್ನೊಮ್ಮೆ ನೋಡಿ, ಆಗಲಿ ಬಿಡಿ ಎಂದು ಎರಡು ಬಾಳೆಹಣ್ಣು ತಂದಿಟ್ಟಿರಿ. ನಿಮಗೆ ತಿಳಿದಿತ್ತು ಎಂದು ನನಗೂ ತಿಳಿಯಿತು. ನನಗೆ ನಾಚಿಕೆಯಾಗದಿರಲೆಂದು ನೀವು ಆ ಕಡೆ ತಿರುಗಿ ಮೌನಳ ಪುಸ್ತಕ ಜೋಡಿಸತೊಡಗಿದಿರಿ.

ಐದು ಗಂಟೆಗೆ ನೀವು ಸೆರಗು ಸರಿಮಾಡಿಕೊಂಡು, "ಮಗ ಇಸ್ಕೂಲಿಂದ ಬರೋ ಹೊತ್ತಾಯ್ತು, ಕರ್ಕಂಡ್ ಬರಾಣ ಬನ್ನಿ" ಎಂದಿರಿ. ನನ್ನ ಕೈಯಲ್ಲಿ ವರ್ಷಗಟ್ಟಲೆ ಕೂಗಾಡಿ ಹೊರಟವರು ಒಂದು ಮಾತಿಲ್ಲದೆ ಎದ್ದು ಚಪ್ಪಲಿ ಹುಡುಕಿದರು. ನಾನು ಹಿಂದೆ ಹಿಂದೆ ಬಂದೆ. ಫ್ಲಾಟಿನ ಮೆಟ್ಟಿಲ ಬುಡದಲ್ಲಿ ಸುಜಯೀಂದ್ರ ನಿಂತಿದ್ದ. ಐವತ್ತು ವರ್ಷದ ಗಂಡಸು, ಆಫೀಸಿನಿಂದ ಬೇಗ ಬಂದು, ಚೀಲವನ್ನು ಹೆಗಲಿಗೆ ಹಾಕಿಕೊಂಡು, ತಲೆ ಬಾಚಿಕೊಂಡು ನಿಂತಿದ್ದ.

"ಟಿಫನ್ ಪೂರಾ ತಿಂದ್ಯಾ?" ಎಂದರು ಸರಸತ್ತೆ.

"ತಿಂದೆ ಅಮ್ಮಾ," ಎಂದ.

ಅವರು ಅವನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಆಮೇಲೆ ಸುಜಯೀಂದ್ರ ಅಡುಗೆಮನೆಯಲ್ಲಿ ನನಗೆ ಹೇಳಿದ: ಮೊದಲ ದಿನ ಅವನು ನಾನೇ ಅಮ್ಮಾ ನಿನ್ನ ಮಗ, ನೋಡು ಎಂದು ಒತ್ತಿ ಹೇಳಲು ಹೋಗಿ ಅಮ್ಮ ಹೆದರಿದ್ದರಂತೆ. ಅವರಿಗೆ ನೀವಿನ್ನೂ ಚಿಕ್ಕವರು, ಹಾಗೇ ಇದ್ದುಬಿಡಿ ಎಂದು ನೀವು ಅವನಿಗೆ ಹೇಳಿಕೊಟ್ಟಿರಂತೆ. "ಆರು ವರ್ಷ ಆಗಿತ್ತು ಅತ್ತಿಗೆ, ಅಮ್ಮ ನನ್ನ ಕೈ ಹಿಡಿದು," ಎಂದ. ಅಷ್ಟು ಹೇಳಿ ಒಲೆ ಕಡೆ ತಿರುಗಿದ. ಅಷ್ಟರ ಹೊತ್ತಿಗೆ ಅವನು ಊಟ ಕಟ್ಟಿಕೊಡುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು.

ಮೇ ತಿಂಗಳಲ್ಲಿ ನಾವು ವಾಪಸು ಬಂದೆವು. ಮೋಹನ್‌ಗೆ ಅಡ್ಯಾರಿನಲ್ಲಿ ಆಫೀಸಿನ ಮನೆ ಸಿಕ್ಕಿತ್ತು. ನೀವು ಬೀಗದ ಕೈ ಕೊಟ್ಟು ಹೊರಟಿರಿ. ಸಂಬಂಧಿಕರಲ್ಲಿ ಹಿರಿಯರೊಬ್ಬರು ಬಂದು, ಮನೆಗೆ ಶುದ್ಧಿ ಮಾಡಿಸದೆ ಒಲೆ ಹಚ್ಚಬೇಡ ಎಂದರು. ನಾನು ಹೂಂ ಎನ್ನುವವಳಿದ್ದೆ. ನಮ್ಮವರು ಪೇಪರಿನಿಂದ ತಲೆ ಎತ್ತಿ, "ಹೋದ ವರ್ಷಕ್ಕಿಂತ ಈ ಮನೆ ಯಾವುದರಲ್ಲಿ ಕಡಿಮೆಯಾಗಿದೆ ಹೇಳಿ" ಎಂದು ಕೇಳಿದರು. ನಾನು ಎದ್ದು ಹೋಗಿ ಹಾಲಿಟ್ಟೆ.

ಮೂರು ಗಂಟೆಗೆ ಸರಸತ್ತೆ ಬಂದರು. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾರು? ಆ ಅಮ್ಮ ಇಲ್ಲವಾ?" ಎಂದರು. ಒಳಗೆ ಬರಲಿಲ್ಲ. ಒಂದು ವಾರ ಹಾಗೇ ಜಗುಲಿಯಲ್ಲೇ ಕೂತು ಹೋದರು. ಎಂಟನೆಯ ದಿನ ನಾನು ಬಾಚಣಿಗೆ ತಂದು ಹಿಂದೆ ಕೂತೆ. ಬೇಡವೆನ್ನಲಿಲ್ಲ. ಈಗ ದಿನವೂ ಬಾಚುತ್ತೇನೆ. ಸಂಜೆ ನಾನೂ ಅವರೂ ಸುಜಯೀಂದ್ರನನ್ನು ಕರೆದುಕೊಂಡು ಬರಲು ಹೋಗುತ್ತೇವೆ. ಮೊನ್ನೆ ದಾರಿಯಲ್ಲಿ ಯಾರೋ ನಾನು ಯಾರೆಂದು ಕೇಳಿದ್ದಕ್ಕೆ, ನಮ್ಮನೆ ಬಾಡಿಗೆಯವರು, ಒಳ್ಳೆಯವರು ಎಂದರು. ಇಷ್ಟಾದರೂ ಹೆಸರು ಸಿಕ್ಕಿತಲ್ಲ ಎಂದು ಮನಸ್ಸು ತುಂಬಿ ಬಂತು.

ನಾನು ಒಂದು ವರ್ಷ ದೊಡ್ಡ ದೊಡ್ಡ ನದಿಗಳನ್ನು ನೋಡಿ ಬಂದೆ. ನೋಡಿದ್ದಕ್ಕೆ ಸಂತೋಷವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಯಾರಾದರೂ ಆ ವರ್ಷ ನೀನು ಏನು ಕಂಡೆ ಎಂದು ಕೇಳಿದರೆ, ಎರಡು ಮಹಡಿ ಹತ್ತಿ, ಬೈದವನ ಬಾಗಿಲಲ್ಲಿ ನಿಂತ ನೀವು ಮೊದಲು ನೆನಪಾಗುತ್ತೀರಿ. ಅದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಆದರೂ ಅದೇ ಕಾಣಿಸುತ್ತದೆ. ನನಗೆ ಓದು ಬರಹವಿದೆ, ಪುರಾಣ ಗೊತ್ತಿದೆ, ದಯೆಯ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ. ನಾನು ಮುಚ್ಚಿಟ್ಟದ್ದನ್ನು ನೀವು ಒಳಗೆ ಕರೆದು ಕೂರಿಸಿದಿರಿ.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ನೀವು ಅದಕ್ಕೂ ಆಗಲಿ ಬಿಡಿ ಎಂದುಬಿಡುತ್ತೀರಿ, ನನಗೆ ಬಹಳ ಸುಲಭವಾಗಿಬಿಡುತ್ತದೆ. ಅದಕ್ಕೆ ಬೇರೆ ಒಂದು ಕೇಳುತ್ತೇನೆ. ಬರುವ ಭಾನುವಾರ ನಾನು, ನಮ್ಮವರು, ಸರಸತ್ತೆ, ಮೂವರೂ ಆಟೋ ಮಾಡಿಕೊಂಡು ಅಡ್ಯಾರಿಗೆ ನಿಮ್ಮ ಮನೆಗೆ ಬರಬಹುದೇ? ಸುಜಯೀಂದ್ರ, ಭಾವನಾ ಕೂಡ ಬರುತ್ತೇವೆ ಎನ್ನುತ್ತಿದ್ದಾರೆ. ಮಧ್ಯಾಹ್ನದ ಊಟಕ್ಕೆ. ನಮಗಾಗಿ ಬೇರೆ ಏನೂ ಮಾಡಬೇಡಿ, ನೀವು ಉಣ್ಣುವ ಮುದ್ದೆ ಸಾರು ಸಾಕು. ಮುದ್ದೆಯನ್ನು ಅಗಿಯದೆ ನುಂಗಬೇಕಂತೆ, ನನಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ತೋರಿಸಿಕೊಡಿ. ನಿಮಗೆ ಅನುಕೂಲವಿಲ್ಲದಿದ್ದರೆ, ಅಥವಾ ಇದನ್ನೆಲ್ಲ ಕೇಳಿದ ಮೇಲೆ ಮನಸ್ಸಿಲ್ಲದಿದ್ದರೆ, ಹಾಗೇ ಹೇಳಿಕಳಿಸಿ. ನಾನು ಇನ್ನೊಂದು ಭಾನುವಾರ ಕೇಳುತ್ತೇನೆ.

ಮೋಹನ್, ಗಗನಾ ಸುಖವಾಗಿರಲಿ. ಮೌನ ಚೆನ್ನಾಗಿ ಓದಲಿ, ಯಾವ ಭಾಷೆಯಲ್ಲಾದರೂ ಸರಿ, ಅಜ್ಜಿಯ ಹಾಗೆ ಮಾತಾಡುವುದನ್ನು ಕಲಿಯಲಿ. ನೀವು ನನಗಿಂತ ಏಳು ವರ್ಷ ದೊಡ್ಡವರು. ಎದುರಿಗಿದ್ದರೆ ಕಾಲು ಮುಟ್ಟಲು ಬಿಡುವುದಿಲ್ಲವೆಂದು ಗೊತ್ತು. ಅದಕ್ಕೇ ಇಲ್ಲಿಂದಲೇ ನಮಸ್ಕಾರ ಮಾಡಿದ್ದೇನೆ, ತಡೆಯಲಾರಿರಿ.

ನಿಮ್ಮ ಆಶೀರ್ವಾದ ಬೇಡುವ,
ಜಯಲಕ್ಷ್ಮೀ